ಹದಿಮೂರು, ಐವತ್ತಮೂರು, ಇನ್ನೂರ ನಲವತ್ತೈದು

"ಅಂಚಿಗೆ ಕೂರ್ಬೇಡ, ನಡುವೆ ಕೂರು. ಕಾಲು ಮಡಚ್ಕೊ."

ಹರಿಗೋಲು ನೀರಿಗಿಳಿದು ಒಂದು ಸುತ್ತು ಹಾಕುತ್ತದೆ. ದಡದ ಜಾಲಿ ಗಿಡ ಎಡಕ್ಕಿದ್ದದ್ದು ಬೆನ್ನಿಗೆ ಹೋಗಿ ಬಲಕ್ಕೆ ಬರುತ್ತದೆ. ಗೆಳೆಯ ಹುಟ್ಟನ್ನು ನೀರಿಗೆ ಅದ್ದಿ ಎರಡು ಸಲ ಎಳೆದ ಮೇಲೆ ತಿರುಗುವುದು ನಿಂತು, ಹರಿಗೋಲು ಮುಂದಕ್ಕೆ ಸರಿಯುತ್ತದೆ. ಯಲ್ಲದಕೆರೆಯಿಂದ ಬೈಕ್ ಹತ್ತಿದಾಗ ನಕ್ಷತ್ರಗಳಿದ್ದವು. ಈಗ ಮೂಡಣ ಗುಡ್ಡದ ಹಿಂದೆ ಬೆಳಕು ಹರಿಯುತ್ತಿದೆ, ಮಾರಿಕಣಿವೆ ಕಟ್ಟೆಯ ನೀರು ಮಾತ್ರ ಇನ್ನೂ ಕಪ್ಪು.

ನನ್ನ ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಮೊಬೈಲು. ಅದರ ಕೆಳಗೆ ಅವನ ಹಳೆಯ ಪಾಕೆಟ್ ಪುಸ್ತಕ. ಪುಟದ ಮೂಲೆ ಉಪ್ಪುನೀರು ತಾಗಿ ಗಟ್ಟಿಯಾಗಿದೆ. ಅದರಲ್ಲಿ ಪೆನ್ನಿನಿಂದ ಬರೆದ ಒಂದು ಸಾಲು: 13 53 245. ಪಕ್ಕದಲ್ಲಿ ಇನ್ನೊಂದು ಸಾಲಿದೆ, ಅದು ರೇಖಾಂಶ. ಅದನ್ನು ಇಲ್ಲಿ ಬರೆದರೆ ಅವನು ನನ್ನನ್ನು ಮತ್ತೆ ಹರಿಗೋಲಿಗೆ ಹತ್ತಿಸುವುದಿಲ್ಲ.

ಅವನು ಮಲ್ಪೆಯ ಬೋಟುಗಳಲ್ಲಿ ಕೆಲವು ವರ್ಷ ದುಡಿದು ಊರಿಗೆ ಬಂದವನು. ಬಂದ ವರ್ಷ ಮಾರಿಕಣಿವೆಯ ನೀರು ತಳ ಕಂಡಿತ್ತು. ಹಿನ್ನೀರಿನ ನೆಲ ಬಿರುಕು ಬಿಟ್ಟು, ಮುಳುಗಿದ್ದ ಮರದ ಬೊಡ್ಡೆಗಳು, ಕಲ್ಲುಬದುಗಳು, ಯಾರೋ ತೋಡಿಬಿಟ್ಟ ಬಾವಿ, ಬಾವಿಯಿಂದ ಎತ್ತಿಹಾಕಿದ ಕಲ್ಲುಮಣ್ಣಿನ ದಿಬ್ಬ ಎಲ್ಲ ಹೊರಗೆ ಬಿದ್ದಿದ್ದವು. ದನ ಮೇಯಿಸುವವರು ಅದರ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಇವನು ಆ ದಿಬ್ಬದ ಮೇಲೆ ನಿಂತು ಕಡಲಿನಿಂದ ತಂದ ಕೈ ಜಿಪಿಎಸ್ ತೆಗೆದು ಅಂಕಿ ಬರೆದುಕೊಂಡ. ನೀರು ಬಂದರೆ ಮೀನು ಮೊದಲು ಬಂದು ಸೇರುವುದು ಇಂಥ ದಿಬ್ಬ, ಬೊಡ್ಡೆಗಳ ಸುತ್ತಲೇ ಎಂಬುದು ಅವನ ಲೆಕ್ಕ.

ನೀರು ಬಂತು. 1907ರಲ್ಲಿ ಮುಗಿದ ಈ ಕಟ್ಟೆ 1933ರಲ್ಲಿ ಕೋಡಿ ಬಿದ್ದದ್ದನ್ನು ಅಜ್ಜಂದಿರ ಬಾಯಲ್ಲಿ ಕೇಳಿದ್ದವರೆಲ್ಲ 2022ರ ಸೆಪ್ಟೆಂಬರಿನಲ್ಲಿ ಅದನ್ನು ಕಣ್ಣಾರೆ ಕಂಡರು. ನಡುವೆ 89 ವರ್ಷ. 2025ರ ಜನವರಿಯಲ್ಲಿ ಮತ್ತೆ ಬಿತ್ತು. 130 ಅಡಿಯ ಗುರುತಿಗೆ ನೀರು ಮುಟ್ಟಿದಾಗ ಬಾವಿಯೂ ಇಲ್ಲ, ಬದುವೂ ಇಲ್ಲ. ಉಳಿದದ್ದು ಈ ಪುಸ್ತಕದ ಸಾಲು.

ಹೋದ ವಾರ ಆ ಸಾಲು ನಮ್ಮನ್ನು ಎರಡು ಸಲ ಏಮಾರಿಸಿತು. ಮೊದಲನೆಯದು ನನ್ನದೇ ತಪ್ಪು. ಮನೆಯ ಜಗಲಿಯಲ್ಲಿ ಕೂತು ಮೊಬೈಲ್ ನಕ್ಷೆಯಲ್ಲಿ 13.53245 ಎಂದು ಒತ್ತಿದೆ. ಕೆಂಪು ಗುಂಡುಸೂಜಿ ನೀರಿನಲ್ಲಿ ಚುಚ್ಚಿಕೊಳ್ಳುವ ಬದಲು ಯಲ್ಲದಕೆರೆಯನ್ನೂ ದಾಟಿ ದಕ್ಷಿಣಕ್ಕೆ ಹೋಯಿತು. ನಿಂತದ್ದು ಹುಳಿಯಾರು ಸೀಮೆಯಲ್ಲಿ, ಒಣನೆಲದ ಮೇಲೆ. ಇರಬೇಕಾದ ಜಾಗದಿಂದ ಸುಮಾರು 39 ಕಿಲೋಮೀಟರು.

"ಹೋಗ್ಲಿ ಬಿಡು, ಮೀನಿಲ್ದಿದ್ರೆ ತೆಂಗಿನಕಾಯಾದ್ರೂ ಸಿಗ್ತಿತ್ತು" ಅಂದ.

ಗಡಿಯಾರ ನೋಡಬಲ್ಲ ಯಾರಿಗೂ ಈ ತಪ್ಪು ತಿಳಿಯುತ್ತದೆ. ಒಂದೂವರೆ ಗಂಟೆಯನ್ನು ಗಡಿಯಾರ 1:30 ಎನ್ನುತ್ತದೆ, ಕೂಲಿ ಲೆಕ್ಕದವನು 1.5 ಎಂದು ಬರೆಯುತ್ತಾನೆ. ಭೂಮಿಯ ಒಂದು ಡಿಗ್ರಿಯೂ ಹಾಗೆಯೇ ಅರವತ್ತು ಮಿನಿಟು, ಒಂದು ಮಿನಿಟು ಅರವತ್ತು ಸೆಕೆಂಡು. ಐವತ್ತಮೂರು ಮಿನಿಟು ಎಂದರೆ ಡಿಗ್ರಿಗೆ ಇನ್ನು ಏಳೇ ಮಿನಿಟು ಕಡಿಮೆ. ಅದನ್ನು ನಾನು ಅರ್ಧ ಡಿಗ್ರಿ ಮಾಡಿ ಕೂತಿದ್ದೆ.

ಎರಡನೆಯ ತಪ್ಪು ಇಬ್ಬರದೂ. ಡಿಗ್ರಿ, ಮಿನಿಟು, ಸೆಕೆಂಡು ಎಂದು ಮೂರು ಭಾಗ ಇರಲೇಬೇಕು ಎಂದುಕೊಂಡು 245ನ್ನು 24.5 ಸೆಕೆಂಡು ಎಂದು ಓದಿದೆವು. ಗುಂಡುಸೂಜಿ ಈ ಸಲ ನೀರಿನಲ್ಲೇ ಬಿತ್ತು. ಬಲೆ ಬಿಟ್ಟೆವು. ಬೆಳಿಗ್ಗೆ ಎಳೆದರೆ ಬಲೆಯ ಕಣ್ಣುಗಳಲ್ಲಿ ಪಾಚಿ ಬಿಟ್ಟರೆ ಮತ್ತೇನಿಲ್ಲ. ನಕ್ಷೆಯಲ್ಲಿ ಕಡಲೆಕಾಳಿನಷ್ಟು ಅಂತರ, ನೀರಿನಲ್ಲಿ ಅದೇ 300 ಮೀಟರು.

"ಮಲ್ಪೇಲಿ ಸೆಕೆಂಡು ಯಾರೂ ಹೇಳ್ತಿರ್ಲಿಲ್ಲ" ಎಂದು ಅವನಿಗೆ ಹೊಳೆದದ್ದು ಆಮೇಲೆ. ಬೋಟಿನ ಯಂತ್ರ ಡಿಗ್ರಿ ತೋರಿಸಿ, ಮಿನಿಟು ತೋರಿಸಿ, ಮಿನಿಟಿಗೇ ಚುಕ್ಕಿ ಇಟ್ಟು ಮೂರು ಅಂಕಿ ತೋರಿಸುತ್ತಿತ್ತು. 53.245 ಮಿನಿಟು. ಬಾಯಲ್ಲಿ ಹೇಳುವಾಗ, ಪುಸ್ತಕಕ್ಕೆ ಇಳಿಸುವಾಗ ಚುಕ್ಕಿ ಬಿದ್ದುಹೋಗುತ್ತಿತ್ತು. ಕಡಲಿನಲ್ಲಿ ಎಲ್ಲರ ಯಂತ್ರವೂ ಒಂದೇ ರೀತಿ ಇದ್ದುದರಿಂದ ಯಾರಿಗೂ ತೊಡಕಾಗುತ್ತಿರಲಿಲ್ಲ. ಕಡಲಿನವರು ಮಿನಿಟನ್ನು ಬಿಡದಿರುವುದಕ್ಕೆ ಕಾರಣವಿದೆ. ಅಕ್ಷಾಂಶದ ಒಂದು ಮಿನಿಟು ಎಂದರೆ ಒಂದು ನಾಟಿಕಲ್ ಮೈಲಿ, 1,852 ಮೀಟರು. ಅಂಕಿ ನೋಡಿದೊಡನೆ ದೂರ ತಿಳಿಯುತ್ತದೆ, ಗುಣಾಕಾರ ಬೇಕಿಲ್ಲ.

ಈಗ ದಡ ದೂರವಾಗಿದೆ. ಮೊಬೈಲಿನಲ್ಲಿ ನೆಟ್‌ವರ್ಕಿನ ಒಂದು ಕಡ್ಡಿಯೂ ಇಲ್ಲ. ಇದ್ದರೂ ಇಲ್ಲದಿದ್ದರೂ ಜಿಪಿಎಸ್‌ಗೆ ಅದು ಬೇಕಾಗಿಲ್ಲ, ಅದು ಆಕಾಶದ ಉಪಗ್ರಹಗಳನ್ನು ಕೇಳುತ್ತದೆ. ಬೀಡಿಕಟ್ಟಿನ ಹಾಳೆಯ ಹಿಂಬದಿಯಲ್ಲಿ ಲೆಕ್ಕ ಮಾಡುತ್ತೇನೆ. 53 ಭಾಗಿಸು 60, ಬಂದದ್ದು 0.88333. ಉಳಿದ 0.245 ಭಾಗಿಸು 60, ಬಂದದ್ದು 0.00408. ಕೂಡಿದರೆ, ಕೊನೆಯ ಅಂಕಿಯನ್ನು ಸರಿಮಾಡಿಕೊಂಡು, 0.88742. ಹದಿಮೂರು ಮುಂದಿಟ್ಟರೆ 13.88742. ಇದು ಮೊಬೈಲಿನ ಭಾಷೆ.

ಪರದೆ ಈಗ 13.88611 ಎನ್ನುತ್ತಿದೆ. ಕಡಿಮೆ ಇರುವುದು 0.00131. ನಾಲ್ಕನೆಯ ಅಂಕಿ ಒಂದು ಏರಿದರೆ ಸುಮಾರು ಹನ್ನೊಂದು ಮೀಟರು, ಐದನೆಯದು ಏರಿದರೆ ಒಂದು ಮೀಟರು.

"ಬಡಗಲಿಗೆ ನೂರ ನಲವತ್ತೈದು ಮೀಟರು."

ಅವನು ಗುಡ್ಡ ನೋಡಿ ದಿಕ್ಕು ಹಿಡಿಯುತ್ತಾನೆ. ನಾನು ಅಂಕಿ ಓದುತ್ತೇನೆ. 13.88640. ಹುಟ್ಟು ಬೀಳುವ ಸದ್ದು. 13.88675. ಎಲ್ಲೋ ನೀರುಕಾಗೆ ರೆಕ್ಕೆ ಬಡಿಯುತ್ತದೆ. 13.88720. "ನಿಧಾನ." 13.88738. ಹುಟ್ಟು ಎತ್ತಿ ಹಿಡಿಯುತ್ತಾನೆ. ಹರಿಗೋಲು ತನ್ನಷ್ಟಕ್ಕೆ ಜಾರುತ್ತದೆ. 42. 44. 41. 43.

ನಾವು ನಿಂತರೂ ಕೊನೆಯ ಅಂಕಿ ನಿಲ್ಲುವುದಿಲ್ಲ. ಬಯಲಿನಲ್ಲಿಯೂ ಮೊಬೈಲು ನಾಲ್ಕೈದು ಮೀಟರು ಅತ್ತಿತ್ತ ಆಗುತ್ತದೆ. 2000ದ ಮೇ ತಿಂಗಳವರೆಗೆ ಅಮೆರಿಕ ಜನಬಳಕೆಯ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸುತ್ತಿದ್ದ ಕಾಲದಲ್ಲಾದರೆ ಇದೇ ಯಂತ್ರ ನೂರು ಮೀಟರು ಆಚೆ ಕೂರಿಸುತ್ತಿತ್ತು.

ಅವನಿಗೆ ಪರದೆಯ ಮೇಲೆ ಪೂರ್ತಿ ನಂಬಿಕೆಯಿಲ್ಲ. ತುದಿಗೆ ಕಲ್ಲು ಕಟ್ಟಿದ ಹಗ್ಗವನ್ನು ನೀರಿಗೆ ಬಿಡುತ್ತಾನೆ. ಕೈಚಾಚಿ ಮಾರು ಎಣಿಸುತ್ತಾನೆ. ಒಂದು, ಎರಡು... ಏಳು. ಕಲ್ಲು ಮೆತ್ತನೆಯ ಕೆಸರಿಗೆ ಇಳಿದದ್ದು ಹಗ್ಗದಲ್ಲೇ ತಿಳಿಯುತ್ತದೆ. ಎರಡು ಹುಟ್ಟು ಎಳೆದು ಮತ್ತೆ ಬಿಡುತ್ತಾನೆ. ಏಳು, ಕೆಸರು. ಇನ್ನೆರಡು ಹುಟ್ಟು ಪಡುವಣಕ್ಕೆ. ಒಂದು, ಎರಡು, ಮೂರು, ನಾಲ್ಕು...

ಟಕ್.

ಕೈಗೆ ಬಂದ ಆ ಪೆಟ್ಟನ್ನು ನನಗೂ ಕೊಡುತ್ತಾನೆ. ಹಗ್ಗ ಹಿಡಿದು ಎತ್ತಿ ಇಳಿಸುತ್ತೇನೆ. ಟಕ್. ನಾಲ್ಕು ಮಾರು ಕೆಳಗೆ ಕಲ್ಲಿಗೆ ಕಲ್ಲು. ದನ ಕಾಯುವವರು ಬುತ್ತಿ ಉಂಡ ದಿಬ್ಬ.

ಇಬ್ಬರೂ ಮಾತಾಡುವುದಿಲ್ಲ. ಅವನು ಬೆಂಡು ಕಟ್ಟಿದ ಬಲೆಯನ್ನು ದಿಬ್ಬವನ್ನು ಬಳಸಿ ಮೊಳ ಮೊಳವಾಗಿ ಬಿಡುತ್ತಾ ಹೋಗುತ್ತಾನೆ. ಪರವಾನಗಿ ಇರುವುದು ಅವನಿಗೆ, ನಾನು ಬರೀ ಅಂಕಿ ಓದುವವನು. ಬಲೆ ಬಿಟ್ಟು ಮುಗಿದಾಗ ಬಿಸಿಲು ಗುಡ್ಡ ಇಳಿದು ನೀರಿಗೆ ಬಂದಿರುತ್ತದೆ.

ಮರುದಿನ ಬೆಳಿಗ್ಗೆ ಅದೇ ಅಂಕಿ ಹಿಡಿದು ಬರುತ್ತೇವೆ. ಬೆಂಡುಗಳಲ್ಲಿ ಎರಡು ಮುಳುಗಿವೆ. ಎಳೆದ ಬಲೆಯಲ್ಲಿ ಜಿಲೇಬಿ ಮೀನು ಹನ್ನೊಂದು, ರೋಹು ಎರಡು. ಒಂದು ರೋಹು ಅವನ ಮೊಣಕೈಯಷ್ಟು ಉದ್ದ, ಬಾಲ ಬಡಿದು ನನ್ನ ಲೆಕ್ಕದ ಬೀಡಿ ಹಾಳೆಯನ್ನು ತೋಯಿಸಿಬಿಡುತ್ತದೆ. ಸಂತೆಗೆ ಒಯ್ಯುವಷ್ಟೇನಲ್ಲ, ಆದರೆ ಹೋದ ವಾರದ ಪಾಚಿಗಿಂತ ಮೇಲು.

ದಡಕ್ಕೆ ಬಂದ ಮೇಲೆ ಅವನು ಪುಸ್ತಕ ಇಸಿದುಕೊಂಡು ಹಳೆಯ ಸಾಲನ್ನು ತಿದ್ದುತ್ತಾನೆ. ಹದಿಮೂರರ ತಲೆಗೆ ಪುಟ್ಟ ಸೊನ್ನೆ. ಐವತ್ತಮೂರರ ಮುಂದೆ ಚುಕ್ಕಿ. ಇನ್ನೂರ ನಲವತ್ತೈದರ ಮೇಲೆ ಒಂದು ಗೀಟು. 13° 53.245′. ಅದರ ಕೆಳಗೆ "ನಾಲ್ಕು ಮಾರು" ಎಂದು ಬರೆದು, ತಾರೀಕು ಹಾಕುತ್ತಾನೆ. ಉಪಗ್ರಹ ಹೇಳುವುದು ಜಾಗವನ್ನಷ್ಟೇ. ಇಂದು ನಾಲ್ಕು ಮಾರು ನೀರಿರುವಲ್ಲಿ ಬರದ ವರ್ಷ ಮತ್ತೆ ದನ ಮೇಯುತ್ತವೆ, ಅಂಕಿ ಆಗಲೂ ಅದೇ ಇರುತ್ತದೆ.

ಹಾಗಾಗಿ ಮೀನಿನ ಜಾಗವಾಗಲಿ, ಕೊಳವೆಬಾವಿಯ ಪಾಯಿಂಟಾಗಲಿ, ಹೊಲದ ಮೂಲೆಯಾಗಲಿ ಬರೆದುಕೊಳ್ಳುವಾಗ ಡಿಗ್ರಿಯ ಸೊನ್ನೆಯನ್ನೂ ಮಿನಿಟಿನ ಗೀಟನ್ನೂ ಬಿಡಬೇಡಿ. ನೀರಿನಲ್ಲಿ ಗುರುತು ಹಾಕುವವರು ಕಟ್ಟೆಯಲ್ಲಿ ಅಂದು ಎಷ್ಟು ಅಡಿ ನೀರಿತ್ತು ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ.