ಸಕ್ಕರೆ ಇಲ್ಲದ ಕಾಫಿ

ಟಯರ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಪಾಳಿ ಮಾಡಿದ ಅಪ್ಪನಿಗೆ ನಿವೃತ್ತಿಯಾದ ಮೇಲೂ ಬೆಳಗಿನ ಐದಕ್ಕೇ ಎಚ್ಚರ. ಮೇಟಗಳ್ಳಿಯ ನಮ್ಮ ಮನೆಯಲ್ಲಿ ದಿನದ ಮೊದಲ ಸದ್ದು ಫಿಲ್ಟರಿನ ಮುಚ್ಚಳದ್ದು. ಅವರ ಲೋಟಕ್ಕೆ ಎರಡು ಚಮಚ ಸಕ್ಕರೆ, ನನ್ನದಕ್ಕೆ ಒಂದು. ನಾವಿಬ್ಬರೂ ಕೂತು ಮಾತಾಡುತ್ತಿದ್ದುದು ಆ ಅರ್ಧ ಗಂಟೆ ಮಾತ್ರ. ಎರಡು ವರ್ಷದ ಹಿಂದೆ ಅವರಿಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ಬಿಡಿ ಅಂದದ್ದು ಸಕ್ಕರೆಯನ್ನು, ಅಪ್ಪ ಬಿಟ್ಟದ್ದು ಕಾಫಿಯನ್ನು. “ಸಕ್ಕರೆ ಇಲ್ದಿದ್ರೆ ಅದು ಕಷಾಯ ಕಣೋ” ಅಂದರು. ಬೆಳಗಿನ ಮಾತೂ ನಿಂತುಹೋಯಿತು.

ಸಕ್ಕರೆಯನ್ನೇ ಕೇಳದ ಕಾಫಿ ಇದ್ದೀತೇ ಎಂದು ಹುಡುಕುತ್ತಾ ನಾನು ಎಸ್‌ಪ್ರೆಸೊಗೆ ಬಂದೆ. ಯಾರೋ ಬಳಸಿ ಬಿಟ್ಟಿದ್ದ ಸಣ್ಣ ಯಂತ್ರವೊಂದನ್ನು ಕೊಂಡೆ. ಫಿಲ್ಟರಿನಲ್ಲಿ ನೀರು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಇಲ್ಲಿ ಹಾಗಲ್ಲ. 18 ಗ್ರಾಂ ಪುಡಿಯ ಮೂಲಕ ಬಿಸಿನೀರನ್ನು ಸುಮಾರು 9 ಬಾರ್ ಒತ್ತಡದಲ್ಲಿ ನುಗ್ಗಿಸಿ, 25ರಿಂದ 30 ಸೆಕೆಂಡಿನಲ್ಲಿ 36 ಗ್ರಾಂನಷ್ಟು ರಸ ತೆಗೆಯಬೇಕು. ಹೀಗೆ ಹಿಂಡಿ ತೆಗೆದಾಗ ಬೀಜದ ಗುಣವೂ ದೋಷವೂ ಒಟ್ಟಿಗೇ ಹೊರಬರುತ್ತವೆ. ಮುಚ್ಚಿಹಾಕಲು ಹಾಲಿಲ್ಲ, ಸಕ್ಕರೆಯಿಲ್ಲ.

ಮೊದಲು ಹಾಕಿದ್ದು ಮನೆಯಲ್ಲಿದ್ದ 80:20ರ ಪುಡಿ, ಅಂದರೆ ನೂರಕ್ಕೆ ಇಪ್ಪತ್ತು ಚಿಕೋರಿ. ಚಿಕೋರಿ ಕಾಫಿಯೇ ಅಲ್ಲ, ಹುರಿದ ಬೇರು. ಹಾಲಿನ ಕಾಫಿಗೆ ಅದು ಬಣ್ಣ, ಮಂದ ಕೊಡುತ್ತದೆ ನಿಜ. ಆದರೆ ನನ್ನ ಯಂತ್ರದಲ್ಲಿ ಕೆಸರಿನಂತೆ ಕಟ್ಟಿಕೊಂಡು ಕೂತಿತು. ಆಮೇಲೆ ಎಣ್ಣೆ ಮಿನುಗುವಷ್ಟು ಕಪ್ಪಾಗಿ ಹುರಿದ ಬೀಜ ತಂದೆ. ಬರೀ ಇದ್ದಿಲಿನ ಕಹಿ.

ಮೂರನೆಯದಕ್ಕೆ ಧಾರಾಳವಾಗಿ ದುಡ್ಡು ಸುರಿದೆ: ಚಿಕ್ಕಮಗಳೂರಿನ ಅರೇಬಿಕಾ, ತಿಳಿಯಾಗಿ ಹುರಿದದ್ದು. ಬಾಬಾ ಬುಡನ್ ತಂದ ಏಳು ಬೀಜಗಳ ಕಥೆ ಕೇಳಿ ಬೆಳೆದ ನಮಗೆ ಅರೇಬಿಕಾ ಎಂದರೆ ಹೆಮ್ಮೆ. ಅಪ್ಪ ಒಂದು ಗುಟುಕು ಕುಡಿದು, “ಏನೋ ಇದು, ಹುಣಸೇಹಣ್ಣು ಕಿವುಚಿದ್ಯಾ?” ಎಂದು ಲೋಟ ಕೆಳಗಿಟ್ಟರು. ತಪ್ಪು ಬೀಜದ್ದಲ್ಲ. ತಿಳಿಯಾಗಿ ಹುರಿದ ಬೀಜ ಗಟ್ಟಿ. ಅದರೊಳಗಿನ ಸಿಹಿ ಬಿಡುವುದು ನಿಧಾನ, ಹುಳಿ ಮಾತ್ರ ಮೊದಲೇ ಓಡಿಬರುತ್ತದೆ.

ದಾರಿ ತೋರಿಸಿದವನು ಕೊಡಗಿನ ಗೆಳೆಯ. ಅವರ ತೋಟದ ಒಂದು ಕಿಲೋ ರೋಬಸ್ಟಾ ತಂದುಕೊಟ್ಟ. ನಾನು ಮುಖ ಸಿಂಡರಿಸಿದೆ. ನಮ್ಮ ಮನೆಯಲ್ಲಿ ರೋಬಸ್ಟಾ ಎಂದರೆ ಅಗ್ಗದ್ದು, ಒರಟು. ಅವನು ನಕ್ಕ. ನಮ್ಮ ದೇಶದ ಬೆಳೆಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ರೋಬಸ್ಟಾವೇ. ನಮ್ಮ ಕಾಫಿಯನ್ನು ಎಲ್ಲರಿಗಿಂತ ಹೆಚ್ಚು ಕೊಳ್ಳುವುದು ಎಸ್‌ಪ್ರೆಸೊ ಹುಟ್ಟಿದ ಇಟಲಿ. ಅವರಿಗೆ ಬೇಕಾದ ದಪ್ಪ ನೊರೆ, ತೂಕದ ರುಚಿ ಇದರಿಂದ ಬರುತ್ತದೆ. ಆದರೆ ಹಣ್ಣನ್ನು ಸಿಪ್ಪೆಸಮೇತ ಒಣಗಿಸಿದ ಚೆರಿಗಿಂತ, ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಶುಚಿ ರುಚಿಯದು, ಅದನ್ನೇ ಕೇಳಿ ತಗೋ ಅಂದ.

ಅರೇಬಿಕಾ ಎಂಬತ್ತು, ರೋಬಸ್ಟಾ ಇಪ್ಪತ್ತು. ಮತ್ತದೇ 80:20, ಚಿಕೋರಿಯ ಜಾಗದಲ್ಲಿ ಕಾಫಿಯೇ. ರೋಬಸ್ಟಾದಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡರಷ್ಟು, ಅದಕ್ಕೇ ಇಪ್ಪತ್ತಕ್ಕೆ ನಿಲ್ಲಿಸಿದೆ. ಹುರಿಯುವಾಗ ಬೀಜ ಎರಡು ಸಲ ಸಿಡಿಯುತ್ತದೆ. ಎರಡನೆಯ ಸಿಡಿತ ಶುರುವಾಗುವ ಮುಂಚೆಯೇ ಇಳಿಸಲು ಹುರಿಯುವವರಿಗೆ ಹೇಳಿದೆ. ತಂದ ದಿನವೇ ಬಳಸಲಿಲ್ಲ. ಹೊಸದಾಗಿ ಹುರಿದ ಬೀಜದಲ್ಲಿ ಗಾಳಿ ತುಂಬಿರುತ್ತದೆ, ನೊರೆ ಎದ್ದು ಬೇಗ ಇಳಿದುಹೋಗುತ್ತದೆ. ಹತ್ತು ದಿನ ಕಾದೆ.

ಹನ್ನೊಂದನೆಯ ಬೆಳಗ್ಗೆ ತೆಗೆದ ರಸಕ್ಕೆ ಅಷ್ಟು ಬಿಸಿನೀರು ಬೆರೆಸಿ ಅಪ್ಪನ ಮುಂದಿಟ್ಟೆ. ಕುಡಿಯುವ ಮೊದಲು ಮೂಸಿದರು.

“ರಾತ್ರಿ ಪಾಳಿ ಕ್ಯಾಂಟೀನಲ್ಲಿ ಇದೇ ವಾಸನೆ ಬರ್ತಿತ್ತು” ಅಂದರು. ಕ್ಯಾಂಟೀನಿನವರು ಯಾವ ಬೀಜ ಹಾಕುತ್ತಿದ್ದರೋ ಅವರಿಗೆ ಗೊತ್ತಿಲ್ಲ. ಅಗ್ಗದ್ದೇ ಇದ್ದಿರಬೇಕು. ಬೆಳಗಿನ ಜಾವ ಮೂರು ಗಂಟೆಗೆ ನಿದ್ದೆ ತಡೆಯಲು ನಿಂತೇ ಕುಡಿಯುತ್ತಿದ್ದುದು, ಕೈಗಂಟಿದ ರಬ್ಬರಿನ ವಾಸನೆ ಆ ಒಂದು ಲೋಟದಲ್ಲಿ ಮರೆಯಾಗುತ್ತಿದ್ದುದು, ಇವೆಲ್ಲ ನನಗೆ ಅವತ್ತೇ ಮೊದಲ ಸಲ ಗೊತ್ತಾದದ್ದು.

ರುಚಿ ಹೇಗಿದೆ ಎಂದು ಅಪ್ಪ ಇವತ್ತಿನವರೆಗೂ ಹೇಳಿಲ್ಲ. ಡಬ್ಬಿ ಖಾಲಿಯಾಗುತ್ತಾ ಬಂದರೆ ಮಾತ್ರ, “ಬೀಜ ಹುರಿಸ್ಬೇಕಲ್ವೇನೋ, ಹತ್ತು ದಿನ ಕಾಯ್ಬೇಕು” ಅಂತ ನೆನಪಿಸುತ್ತಾರೆ.