ಬುತ್ತಿ ಬಿಚ್ಚುವ ಹಕ್ಕು

ಮ್ಯೂನಿಕ್‌ನಲ್ಲಿ ಜೂನ್ ತಿಂಗಳ ಸಂಜೆ ಏಳು ಗಂಟೆಯನ್ನು ಸಂಜೆ ಎನ್ನಲು ನಾಲಿಗೆ ಏಳುವುದಿಲ್ಲ. ಸೂರ್ಯ ಮುಳುಗುವುದು ಒಂಬತ್ತು ದಾಟಿದ ಮೇಲೆ. ಹಾಕರ್‌ಬ್ರ್ಯೂಕ ನಿಲ್ದಾಣದಲ್ಲಿ ಲೋಕಲ್ ರೈಲು ಇಳಿದು ಆರ್ನುಲ್ಫ್ ರಸ್ತೆಗೆ ಬಂದಾಗ ಬಿಸಿಲು ಇನ್ನೂ ಚುರುಗುಟ್ಟುತ್ತಿತ್ತು. ತಂಗಿಯ ಮಗ ಮುಂದೆ, ಅವನ ಹೆಂಡತಿ ಹಿಂದೆ, ನಡುವೆ ನಾನು. ಅವಳ ಹೆಗಲ ಚೀಲದಲ್ಲಿ ನಾಲ್ಕು ಅಂತಸ್ತಿನ ಸ್ಟೀಲ್ ಕ್ಯಾರಿಯರ್: ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮಾವಿನಕಾಯಿ ಚಿತ್ರಾನ್ನ, ಒಂದಿಷ್ಟು ಸೌತೆಕಾಯಿ ಹೋಳು. ನಾವು ಹೊರಟಿದ್ದು ಪಾರ್ಕಿಗಲ್ಲ, ಹೋಟೆಲಿಗೆ.

"ಹೋಟೆಲಿಗೆ ಬುತ್ತಿ ಕಟ್ಟಿಕೊಂಡು ಹೋಗೋದೇನೋ?" ಅಂದೆ.

"ಇಲ್ಲಿ ಹಾಗೇ ಹೋಗೋದು ಮಾಮ."

ನನಗೆ ಧೈರ್ಯ ಬರಲಿಲ್ಲ. 'ಹೊರಗಿನ ತಿಂಡಿ ತಿನಿಸುಗಳನ್ನು ನಿಷೇಧಿಸಲಾಗಿದೆ' ಎಂಬ ಬೋರ್ಡು ಓದುತ್ತಲೇ ಬೆಳೆದವರು ನಾವು. ಮಗುವಿಗೆಂದು ತಂದ ಬಿಸ್ಕತ್ತನ್ನೂ ಮೇಜಿನ ಕೆಳಗೆ ಹಿಡಿದು ಕೊಡುವ ಜನ. ಕಾಫಿ ಕುಡಿದು ಎರಡು ನಿಮಿಷ ಹೆಚ್ಚು ಕೂತರೆ ಮಾಣಿ ಬಂದು ಮೇಜು ಒರೆಸತೊಡಗುತ್ತಾನೆ. ಏಳಿ ಎಂದು ಅವನು ಬಾಯಿ ಬಿಟ್ಟು ಹೇಳಬೇಕಿಲ್ಲ.

ಆಗುಸ್ಟಿನರ್ ಕೆಲ್ಲರ್ ಎಂಬ ಆ ಬಿಯರ್ ತೋಟದ ಬಾಗಿಲು ದಾಟಿದರೆ ಮೊದಲು ಬದಲಾಗುವುದು ತಾಪ. ನೂರಕ್ಕೂ ಹೆಚ್ಚು ಚೆಸ್ಟ್‌ನಟ್ ಮರಗಳು ತಲೆಯ ಮೇಲೆ ಒಂದಕ್ಕೊಂದು ಕೈ ಹೆಣೆದು ನಿಂತಿವೆ. ಕಾಲ ಕೆಳಗೆ ಸಣ್ಣ ಜಲ್ಲಿ, ಅದರ ಮೇಲೆ ಉದ್ದನೆಯ ಮರದ ಮೇಜು, ಬೆನ್ನಿಲ್ಲದ ಬೆಂಚು. ಸುಮಾರು ಐದು ಸಾವಿರ ಜನ ಕೂರುವ ಜಾಗ. ಅಷ್ಟು ಜನ ಒಟ್ಟಿಗೆ ಮಾತಾಡಿದರೆ ಗದ್ದಲವಾಗಬೇಕಿತ್ತು. ಎಲೆ ಮತ್ತು ಜಲ್ಲಿ ಎರಡೂ ಸದ್ದನ್ನು ಕುಡಿದುಬಿಡುತ್ತವೋ ಏನೋ, ಎದುರು ಕೂತವರ ಮಾತು ಸ್ಪಷ್ಟವಾಗಿ ಕೇಳುತ್ತದೆ.

ಇಲ್ಲಿನ ನಿಯಮವನ್ನು ಯಾರೂ ಬರೆದು ತೂಗುಹಾಕಿಲ್ಲ, ಮೇಜನ್ನು ನೋಡಿ ತಿಳಿಯಬೇಕು. ಬಟ್ಟೆ ಹಾಸಿದ ಮೇಜಿಗೆ ಪರಿಚಾರಕರು ಬರುತ್ತಾರೆ, ಮೆನು ಬರುತ್ತದೆ, ಊಟವನ್ನೂ ಅವರಿಂದಲೇ ಕೊಳ್ಳಬೇಕು. ಬಟ್ಟೆಯಿಲ್ಲದ ಬೋಳು ಮೇಜಿನಲ್ಲಿ ನಿಮ್ಮ ಬುತ್ತಿ ಬಿಚ್ಚಬಹುದು. ಕುಡಿಯುವುದನ್ನು ಮಾತ್ರ ಅವರ ಕಟ್ಟೆಯಿಂದ ನೀವೇ ಹೋಗಿ ತರಬೇಕು. ಬೋಳು ಮೇಜುಗಳೇ ಹೆಚ್ಚು. ಖಾಲಿ ಮೇಜು ಹುಡುಕುವ ಪದ್ಧತಿಯೂ ಇಲ್ಲ. ಯಾರದೋ ಪಕ್ಕ ಜಾಗವಿದೆಯೇ ಎಂದು ಕೇಳುತ್ತೀರಿ, ಅವರು ತಲೆಯಾಡಿಸಿ ಒಂದು ಗೇಣು ಸರಿಯುತ್ತಾರೆ, ಅಲ್ಲಿಗೆ ಮುಗಿಯಿತು.

ನಮ್ಮ ಪಕ್ಕಕ್ಕೆ ಸರಿದವರು ಎಪ್ಪತ್ತು ದಾಟಿದ ಒಂದು ಜೋಡಿ. ಆ ಅಜ್ಜಿ ಬೆತ್ತದ ಬುಟ್ಟಿಯಿಂದ ಒಂದೊಂದಾಗಿ ತೆಗೆದು ಜೋಡಿಸಿದ್ದನ್ನು ನೋಡುತ್ತಲೇ ಕೂತೆ. ನೀಲಿ ಚೌಕಳಿಯ ಬಟ್ಟೆ, ಮರದ ಹಲಗೆ, ಮಡಿಚುವ ಚಾಕು, ಬೇಯಿಸಿದ ಮೊಟ್ಟೆ, ಚೀಸು, ಉಪ್ಪಿನ ಡಬ್ಬಿ, ಕೊನೆಗೆ ಹೂವಿಟ್ಟ ಪುಟ್ಟ ಗಾಜಿನ ಲೋಟ. ಮನೆಯ ಊಟದ ಕೋಣೆಯನ್ನೇ ಹೊತ್ತು ತಂದಿದ್ದರು. ಅಜ್ಜ ಬಿಳಿ ಮೂಲಂಗಿಯೊಂದನ್ನು ಎತ್ತಿಕೊಂಡು, ತುಂಡಾಗದಂತೆ ಸುರುಳಿಯಾಗಿ ಕತ್ತರಿಸಿ, ಎಳೆದರೆ ಹಾರ್ಮೋನಿಯಂ ತಿದಿಯಂತೆ ಬಿಚ್ಚಿಕೊಳ್ಳುವ ಹಾಗೆ ಮಾಡಿ, ಮಡಿಕೆ ಮಡಿಕೆಗೂ ಉಪ್ಪು ಸವರಿ ಪಕ್ಕಕ್ಕಿಟ್ಟರು. ಸ್ವಲ್ಪ ಹೊತ್ತಿನಲ್ಲಿ ಅದು ನೀರು ಬಿಟ್ಟಿತು. ಆಮೇಲೇ ಅದನ್ನು ತಿನ್ನುವುದು. ಮೂಲಂಗಿಗೆ ಸಾರು ಮತ್ತು ಪಲ್ಯ ಬಿಟ್ಟರೆ ಬೇರೆ ಗತಿಯಿಲ್ಲ ಎಂದುಕೊಂಡಿದ್ದ ನನಗೆ ಒಂದು ಹೋಳು ಕೊಟ್ಟರು. ಘಾಟು ಮೂಗಿಗೇರಿತು, ಆದರೆ ಚೆನ್ನಾಗಿತ್ತು. ನಾವು ರೊಟ್ಟಿ, ಚಟ್ನಿ ಮುಂದಿಟ್ಟೆವು. ಅಜ್ಜಿ ಚೂರು ಮುರಿದು ಮರ್ಯಾದೆಗೆ ತಿಂದರು. ಅವರ ಕಣ್ಣಿದ್ದದ್ದು ಚಟ್ನಿಯ ಮೇಲಲ್ಲ, ಕ್ಯಾರಿಯರ್ ಮೇಲೆ. ಅದರ ಕೊಕ್ಕೆಯನ್ನು ತೆಗೆದು, ಹಾಕಿ, ಮತ್ತೆ ತೆಗೆದು, ಎಲ್ಲಿ ಸಿಗುತ್ತದೆ, ಎಷ್ಟು ಬೆಲೆ ಎಂದು ವಿಚಾರಿಸಿದರು. ನಾಲ್ಕು ತಿನಿಸು ಒಂದಕ್ಕೊಂದು ಸೋಂಕದೆ ಬರುತ್ತವಲ್ಲ ಎಂಬುದೇ ಅವರಿಗೆ ಬೆರಗು.

ಬುತ್ತಿ ತರದವರಿಗೆ ಅಂಗಡಿ ಸಾಲೇ ಇದೆ. ತಟ್ಟೆಯಗಲದ, ಮೇಲೆ ಉಪ್ಪಿನ ಹರಳು ಉದುರಿಸಿದ ಬ್ರೆಟ್ಸೆಲ್, ಮೆತ್ತನೆ ಚೀಸಿಗೆ ಬೆಣ್ಣೆ, ಈರುಳ್ಳಿ, ಕೆಂಪು ಪ್ಯಾಪ್ರಿಕಾ ಹಾಕಿ ಕಲಸಿದ ಒಬಾಟ್ಸ್‌ಡಾ, ಹುರಿದ ಕೋಳಿ, ಕಡ್ಡಿಗೆ ಚುಚ್ಚಿ ಕೆಂಡದ ಮುಂದೆ ನಿಲ್ಲಿಸಿದ ಮೀನು. ಸಸ್ಯಾಹಾರಿಗೆ ಮೊದಲ ಎರಡು ಸಾಕು, ಒಂದಕ್ಕೆ ಇನ್ನೊಂದನ್ನು ಹಚ್ಚಿ ತಿಂದರೆ ರಾತ್ರಿಯ ಊಟವೇ ಆಯಿತು. ಬಿಯರ್ ಮಾತ್ರ ಸಣ್ಣ ಅಳತೆಯಲ್ಲಿ ಕೇಳುವವರು ಕಡಿಮೆ. ಮಾಸ್ ಎಂದರೆ ಒಂದು ಪೂರಾ ಲೀಟರು, ಹತ್ತು ಯೂರೋ ಆಸುಪಾಸು, ಮೇಲೆ ಮಗ್ಗಿಗೆ ಠೇವಣಿ. ನಾನು ರಾಡ್ಲರ್ ತೆಗೆದುಕೊಂಡೆ, ಅರ್ಧ ಬಿಯರ್, ಅರ್ಧ ನಿಂಬೆ ಸೋಡಾ. ಸೊಸೆ ಸೇಬಿನ ರಸಕ್ಕೆ ಸೋಡಾ ಬೆರೆಸಿದ್ದನ್ನು ಕುಡಿದಳು. ಯಾರೂ ಹುಬ್ಬೇರಿಸಲಿಲ್ಲ. ಇಲ್ಲಿ ಮರದ ಪೀಪಾಯಿಯಿಂದಲೇ ಬಿಯರ್ ಇಳಿಸುತ್ತಾರೆ. ಹೊಸ ಪೀಪಾಯಿ ಒಡೆದಾಗ ಗಂಟೆ ಬಾರಿಸುತ್ತಾರೆ. ಗಂಟೆ ಕೇಳಿದ್ದೇ ಮಗ್ಗಿನಲ್ಲಿ ಇನ್ನೂ ಕಾಲು ಭಾಗ ಉಳಿದವರೂ ಎದ್ದು ಹೊರಟರು.

ಇಷ್ಟು ಧಾರಾಳ ಯಾವ ವ್ಯಾಪಾರಿಯೂ ತಾನಾಗಿ ತೋರಿಸುವುದಿಲ್ಲ. ಹಿಂದೆ ಜಗಳವಿದೆ.

ಬವೇರಿಯಾದ ಬಿಯರಿನ ಹುದುಗು ತಣ್ಣಗಿದ್ದರೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ. ಸಾಲದ್ದಕ್ಕೆ ಬೇಸಿಗೆಯಲ್ಲಿ ದೊಡ್ಡ ಒಲೆ ಹೊತ್ತಿಸಿದರೆ ಊರಿಗೆ ಬೆಂಕಿ ಬೀಳುವ ಭಯ. ಹೀಗಾಗಿ 16ನೇ ಶತಮಾನದಲ್ಲೇ ದೊರೆಗಳು ಕಟ್ಟಳೆ ಮಾಡಿದರು: ಸೆಪ್ಟೆಂಬರ್ 29ರ ಸಂತ ಮೈಕೇಲ್ ಹಬ್ಬದಿಂದ ಏಪ್ರಿಲ್ 23ರ ಸಂತ ಜಾರ್ಜ್ ಹಬ್ಬದವರೆಗೆ ಮಾತ್ರ ಬಿಯರ್ ಕಾಯಿಸಬಹುದು. ಬೇಸಿಗೆಯ ಬಿಯರನ್ನು ಮಾರ್ಚ್ ಹೊತ್ತಿಗೆ ಕೊಂಚ ಗಟ್ಟಿಯಾಗಿ ಮಾಡಿ ಕೂಡಿಡಬೇಕು. ಕೂಡಿಡಲು ಇಸಾರ್ ನದಿಯ ಎತ್ತರದ ದಂಡೆಗಳಲ್ಲಿ ನೆಲಮಾಳಿಗೆ ತೋಡಿದರು. ಚಳಿಗಾಲದಲ್ಲಿ ಕೆರೆಗಳಿಂದ ಕೊಯ್ದ ಮಂಜುಗಡ್ಡೆಯನ್ನು ಒಳಗೆ ತುಂಬಿದರು. ಮೇಲಿನ ನೆಲ ಕಾಯಬಾರದಲ್ಲ, ಅದಕ್ಕೆ ಜಲ್ಲಿ ಸುರಿದು ಚೆಸ್ಟ್‌ನಟ್ ನೆಟ್ಟರು. ಅಗಲ ಎಲೆ, ದಟ್ಟ ನೆರಳು. ಬೇರು ಆಳಕ್ಕಿಳಿದು ಮಾಳಿಗೆಯ ಕಮಾನನ್ನು ಸೀಳುವುದಿಲ್ಲ. ಬಾಲ್ಕನ್ ನಾಡಿನಿಂದ ಬಂದ ಮರ ಅದು. ಈಗ ಅದಿಲ್ಲದ ಬವೇರಿಯಾವನ್ನು ಕಲ್ಪಿಸಿಕೊಳ್ಳುವುದು, ಮೆಣಸಿನಕಾಯಿ ಇಲ್ಲದ ಬ್ಯಾಡಗಿಯನ್ನು ಕಲ್ಪಿಸಿಕೊಂಡಷ್ಟೇ ಕಷ್ಟ.

ನೆರಳು ಹಾಕಿದ್ದು ಪೀಪಾಯಿಗೆ. ಬಂದು ಕೂತವರು ಜನ. ಮಾಳಿಗೆಯ ಬಾಗಿಲಲ್ಲೇ ತಣ್ಣನೆ ಬಿಯರ್ ಸಿಗುವಾಗ ಊರೊಳಗಿನ ಹೋಟೆಲಿಗೆ ಯಾಕೆ ಹೋಗಬೇಕು? ಹೋಟೆಲಿನವರು ದೂರು ಒಯ್ದರು. 1812ರ ಜನವರಿ 4ರಂದು ರಾಜ ಒಂದನೇ ಮ್ಯಾಕ್ಸಿಮಿಲಿಯನ್ ಜೋಸೆಫ್ ನಡುದಾರಿ ಹಿಡಿದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಳಿಗೆಗಳ ಮೇಲೆ ಬಿಯರ್ ಮಾರಬಹುದು, ಜೊತೆಗೆ ಬ್ರೆಡ್ ಕೊಡಬಹುದು, ಬೇರೆ ಯಾವ ಆಹಾರವನ್ನೂ ಕೊಡಕೂಡದು. ಜನ ಅದಕ್ಕೇನು ಮಾಡಿದರು ಎಂದರೆ, ಮನೆಯಿಂದ ಕಟ್ಟಿಕೊಂಡು ಬಂದರು. ಹೋಟೆಲಿನವರ ಹೊಟ್ಟೆಪಾಡಿಗೆಂದು ಹಾಕಿದ ನಿರ್ಬಂಧ ಗಿರಾಕಿಯ ಹಕ್ಕಾಗಿ ಉಳಿದುಕೊಂಡದ್ದು ಹೀಗೆ. ನಿರ್ಬಂಧ ಮುಂದೆ ಸಡಿಲಿತು, ರೂಢಿ ಸಡಿಲಲಿಲ್ಲ. 1870ರ ದಶಕದಲ್ಲಿ ಇದೇ ಊರಿನಲ್ಲಿ ಕಾರ್ಲ್ ಲಿಂಡೆ ಎಂಬ ಎಂಜಿನಿಯರ್ ಬಿಯರ್ ಕಾರ್ಖಾನೆಗೆಂದು ತಂಪುಯಂತ್ರ ಕಟ್ಟಿದ ಮೇಲೆ ಮಾಳಿಗೆಗಳೇ ಬೇಡವಾದವು. ಮರಗಳನ್ನು ಮಾತ್ರ ಕಡಿಯಲಿಲ್ಲ. ನಮ್ಮೂರಲ್ಲಾಗಿದ್ದರೆ ಆ ಜಾಗದಲ್ಲಿ ಏನು ಎದ್ದಿರುತ್ತಿತ್ತು ಎಂದು ಬರೆಯಬೇಕಾಗಿಲ್ಲ.

ಇಂಗ್ಲಿಷ್ ಗಾರ್ಡನ್ ಎಂಬ ಭಾರೀ ಉದ್ಯಾನದ ಒಳಗಿರುವ ಚೀನೀ ಗೋಪುರದ ತೋಟಕ್ಕೆ ಪ್ರವಾಸಿಗರೆಲ್ಲ ಹೋಗುತ್ತಾರೆ, ನಾವೂ ಹೋದೆವು. 25 ಮೀಟರ್ ಎತ್ತರದ ಮರದ ಗೋಪುರ, ಮೊದಲು ಕಟ್ಟಿದ್ದು 1790ರ ಹೊತ್ತಿಗೆ, 1944ರ ಬಾಂಬಿಗೆ ಉರಿದುಹೋಗಿ 1952ರಲ್ಲಿ ಮತ್ತೆ ಎದ್ದದ್ದು. ಅದರ ಮಹಡಿಯಲ್ಲಿ ಕೂತು ತುತ್ತೂರಿ ಬ್ಯಾಂಡಿನವರು ಊದುತ್ತಾರೆ. ಏಳು ಸಾವಿರ ಆಸನ. ಗೋಪುರವನ್ನು ಮೆಚ್ಚಿದೆ. ತೋಟದಲ್ಲಿ ಮಾತ್ರ ತಟ್ಟೆಗಿಂತ ಕ್ಯಾಮೆರಾ ಹೆಚ್ಚು, ಬುತ್ತಿ ಬಿಚ್ಚಿದವರು ಬೆರಳೆಣಿಕೆ.

ಜಗಳದ ಎರಡನೆಯ ಅಧ್ಯಾಯ ತೀರಾ ಈಚಿನದು. ಊರ ದಕ್ಷಿಣಕ್ಕೆ, ಇಸಾರ್ ಕಣಿವೆಯ ಅಂಚಿನ ಪುಲ್ಲಾಖ್‌ನಲ್ಲಿ ವಾಲ್ಡ್‌ವಿರ್ಟ್‌ಶಾಫ್ಟ್ ಎಂಬ ತೋಟವಿದೆ, ಜ್ಯಾಸ್ ಸಂಗೀತಕ್ಕೆ ಹೆಸರಾದದ್ದು. ಸುತ್ತಲ ಮನೆಗಳವರು ಗಲಾಟೆ ತಾಳಲಾರದೆ ಕೋರ್ಟಿಗೆ ಹೋದರು. ರಾತ್ರಿ ಒಂಬತ್ತೂವರೆಗೆ ಮುಚ್ಚಬೇಕೆಂದು ತೀರ್ಪಾಯಿತು. ಬೇಸಿಗೆಯಲ್ಲಿ ಒಂಬತ್ತೂವರೆ ಎಂದರೆ ಬೆಳಕಿನ್ನೂ ಪೂರ್ತಿ ಹೋಗಿರುವುದಿಲ್ಲ. 1995ರ ಮೇ 12ರಂದು ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಮ್ಯೂನಿಕ್‌ನ ಬೀದಿಗಿಳಿದರು. ಪತ್ರಿಕೆಗಳು ಅದಕ್ಕೆ ಕ್ರಾಂತಿ ಎಂದೇ ಹೆಸರಿಟ್ಟವು. ಸರ್ಕಾರ ಅವಸರದಲ್ಲಿ ನಿಯಮ ತಂದಿತು, ಅದನ್ನು ನ್ಯಾಯಾಲಯ ಹೊಡೆದುಹಾಕಿತು, 1999ರಲ್ಲಿ ಹೊಸದು ಬಂತು. ಹತ್ತು ಗಂಟೆಗೆ ಸಂಗೀತ ಬಂದ್, ಹತ್ತೂವರೆಗೆ ಮಾರಾಟ ಬಂದ್, ಹನ್ನೊಂದಕ್ಕೆ ಎಲ್ಲ ಖಾಲಿ. ಈ ರಿಯಾಯಿತಿ ಸಿಗಬೇಕಾದರೆ ಅದು ನಿಜವಾದ ಬಿಯರ್ ತೋಟವಾಗಿರಬೇಕು. ಸರ್ಕಾರಿ ನಿಯಮದ ಪ್ರಕಾರ ನಿಜವಾದ ತೋಟದ ಗುರುತು ಎರಡು: ತೋಟದ ಸ್ವರೂಪ ಇರಬೇಕು, ಮತ್ತು ಗಿರಾಕಿ ತನ್ನ ಬುತ್ತಿಯನ್ನು ತಂದು ಪುಕ್ಕಟೆ ಕೂತು ತಿನ್ನಲು ಬಿಡಬೇಕು.

ಹೋರಾಟಗಾರರನ್ನು ಮೆಚ್ಚಿದೆನಾದರೂ ಕೋರ್ಟಿಗೆ ಹೋದವರ ಮೇಲೆ ನನಗೆ ಸಿಟ್ಟಿಲ್ಲ. ಕಲ್ಯಾಣಮಂಟಪದ ಪಕ್ಕದ ಮನೆಯಲ್ಲಿ ವರ್ಷಗಟ್ಟಲೆ ಇದ್ದವನು ನಾನು. ರಾತ್ರಿ ಹನ್ನೊಂದಕ್ಕೆ ಆರ್ಕೆಸ್ಟ್ರಾದವರು "ಇನ್ನೊಂದೇ ಹಾಡು" ಎಂದಾಗ ಏನನಿಸುತ್ತದೆ ಎಂಬುದು ಗೊತ್ತು. ಹನ್ನೊಂದು ಎಂದರೆ ಹನ್ನೊಂದೇ ಎನ್ನುವ ಊರಿನಲ್ಲಿ ಮಾತ್ರ ಇಂಥ ರಾಜಿ ನಡೆಯುತ್ತದೆ. ವಾಲ್ಡ್‌ವಿರ್ಟ್‌ಶಾಫ್ಟ್‌ನಲ್ಲಿ ಕೂತಾಗ ಹತ್ತು ಹೊಡೆಯುವ ಮುಂಚೆಯೇ ಸ್ಯಾಕ್ಸೋಫೋನ್ ಪೆಟ್ಟಿಗೆ ಸೇರಿತ್ತು.

ಹೊರಗೆ ಕೂತು ತಿನ್ನುವುದು ನಮಗೇನೂ ಹೊಸದಲ್ಲ. ಬೆಂಗಳೂರಿನ ಲ್ಯಾವೆಲ್ ರಸ್ತೆಯ ಏರ್‌ಲೈನ್ಸ್ ಹೋಟೆಲಿನಲ್ಲಿ ಮರದ ಕೆಳಗೆ ದೋಸೆ ತಿನ್ನುತ್ತ ಬೆಳಗನ್ನೇ ಕಳೆದವರು ಎಷ್ಟೋ ಮಂದಿ. ಹವೆಯ ಮಟ್ಟಿಗೆ ಬೆಂಗಳೂರೇ ಮೇಲು. ಮ್ಯೂನಿಕ್‌ನವರಿಗೆ ಸಿಗುವುದು ವರ್ಷಕ್ಕೆ ಐದಾರು ತಿಂಗಳು, ಅದರಲ್ಲೂ ಮಳೆ ಬಿಟ್ಟರೆ. ಆದರೂ ನೆರಳಿನಲ್ಲಿ ಕೂರಲು ತಿಂಡಿ ಕೊಳ್ಳಲೇಬೇಕಿಲ್ಲ ಎಂಬ ಕಾನೂನು ಅವರಲ್ಲಿದೆ. ಬವೇರಿಯಾಕ್ಕೂ ಕರ್ನಾಟಕಕ್ಕೂ ಸರ್ಕಾರಗಳ ಮಟ್ಟದ ಸಹಭಾಗಿತ್ವವಿದೆ, ಮಂತ್ರಿಗಳು ಹೋಗಿ ಬಂದು ಮಾಡುತ್ತಾರೆ, ತಂತ್ರಜ್ಞಾನದ ಮಾತಾಡುತ್ತಾರೆ. ಯಾರಾದರೂ ಈ ಒಂದು ಪುಟದ ನಿಯಮವನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬರಬಾರದೇ ಎಂದು ಅಳಿಯನಿಗೆ ಅಂದೆ. "ಮೊದಲು ಮರ ಒಯ್ಯಬೇಕು ಮಾಮ" ಎಂದ.

ಊರ ನಡುವಿನ ವಿಕ್ಟುವಾಲಿಯನ್ ಮಾರುಕಟ್ಟೆಯಲ್ಲಿ ಬುತ್ತಿ ಮನೆಯಿಂದ ತರುವುದೂ ಬೇಡ. ಒಂದು ಅಂಗಡಿಯಲ್ಲಿ ಬ್ರೆಡ್, ಇನ್ನೊಂದರಲ್ಲಿ ಚೀಸು, ಪೀಪಾಯಿಯಿಂದ ಎತ್ತಿಕೊಟ್ಟ ಉಪ್ಪುನೀರಿನ ಸೌತೆಕಾಯಿ ಕೊಂಡು ನಡುವಿನ ತೋಟಕ್ಕೆ ನಡೆದರಾಯಿತು. ಮ್ಯೂನಿಕ್‌ನ ಆರು ದೊಡ್ಡ ಬಿಯರ್ ಕಾರ್ಖಾನೆಗಳು ಇಲ್ಲಿ ಸರದಿಯ ಮೇಲೆ ಬಿಯರ್ ಒದಗಿಸುತ್ತವೆ. ಈ ವಾರ ಯಾರ ಸರದಿ ಎಂಬುದರ ಮೇಲೆ ಪಕ್ಕದವರಿಬ್ಬರು ಗಂಭೀರವಾಗಿ ವಾದಿಸುತ್ತಿದ್ದರು. ಫಲಕ ಎದುರಿಗೇ ಇತ್ತು.

ನನಗೆ ಹೆಚ್ಚು ಹಿಡಿಸಿದ್ದು ಭಾನುವಾರ ಹೋದ ಹಿರ್ಷ್‌ಗಾರ್ಟನ್. ನಿಂಫನ್‌ಬುರ್ಗ್ ಅರಮನೆಯ ಹತ್ತಿರದ ಹಳೆಯ ಜಿಂಕೆವನ ಅದು. ಎಂಟು ಸಾವಿರ ಆಸನದ ದೊಡ್ಡ ತೋಟ, ಬೇಲಿಯಾಚೆ ಇಂದಿಗೂ ಚುಕ್ಕೆ ಜಿಂಕೆಗಳಿವೆ. ಅಲ್ಲಿ ಮಗ್ಗನ್ನು ಯಾರೂ ತುಂಬಿ ಕೈಗೆ ಕೊಡುವುದಿಲ್ಲ. ಮರದ ಕಪಾಟಿನಿಂದ ನೀವೇ ಎತ್ತಿಕೊಂಡು, ಪಕ್ಕದ ನಲ್ಲಿಯಲ್ಲಿ ತೊಳೆದು, ತಣ್ಣಗಾದ ಮಗ್ಗನ್ನು ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಸೂಟು ತೊಟ್ಟವರು, ಚಡ್ಡಿ ತೊಟ್ಟವರು, ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡವರು ಎಲ್ಲರೂ ಮಗ್ಗು ತೊಳೆಯುತ್ತಿದ್ದರು. ಒಂದು ಮೇಜಿನಲ್ಲಿ ಹುಟ್ಟುಹಬ್ಬ, ಕೇಕೂ ಮನೆಯದೇ. ಇನ್ನೊಂದರಲ್ಲಿ ತುರ್ಕಿ ಕುಟುಂಬವೊಂದು ದ್ರಾಕ್ಷಿ ಎಲೆಯ ಸುರುಳಿಗಳನ್ನು ಹರಡಿಕೊಂಡಿತ್ತು. ನಮ್ಮ ಚಿತ್ರಾನ್ನ ಅಲ್ಲಿ ವಿಶೇಷವೇ ಅಲ್ಲ.

ನಾಲ್ಕರ ಹೊತ್ತಿಗೆ ಆಲ್ಪ್ಸ್ ಕಡೆಯಿಂದ ಮೋಡ ಬಂತು. ಗುಡುಗಿತು. ನಾನು ಕ್ಯಾರಿಯರ್ ಮುಚ್ಚಿ ಎದ್ದು ನಿಂತೆ. ಸುತ್ತ ಯಾರೂ ಏಳಲಿಲ್ಲ. ದಪ್ಪ ಹನಿ ಬೀಳತೊಡಗಿದಾಗ ಎಲ್ಲರೂ ಒಂದೇ ಕೆಲಸ ಮಾಡಿದರು: ಮಗ್ಗಿನ ಕೆಳಗಿದ್ದ ರಟ್ಟಿನ ಬಿಲ್ಲೆಯನ್ನು ತೆಗೆದು ಮಗ್ಗಿನ ಮೇಲೆ ಮುಚ್ಚಿದರು. ತಲೆ ನೆನೆದರೂ ಚಿಂತೆಯಿಲ್ಲ, ಬಿಯರಿಗೆ ನೀರು ಬೆರೆಯಬಾರದು. ಚೆಸ್ಟ್‌ನಟ್ ಎಲೆಗಳು ಹತ್ತು ನಿಮಿಷ ಮಳೆಯನ್ನು ಮೇಲೆಯೇ ತಡೆದವು, ಆಮೇಲೆ ಅವೂ ಸೋರಿದವು. ಆಗ ಮಾತ್ರ ಕೆಲವರು ಛತ್ರಿ ಬಿಚ್ಚಿದರು. ಎದುರು ಮೇಜಿನ ಹುಡುಗರು ಇಸ್ಪೀಟು ಎಲೆಗಳನ್ನು ಅಂಗಿಯೊಳಗೆ ತುರುಕಿಕೊಂಡು, ಆಟ ಎಲ್ಲಿಗೆ ನಿಂತಿತ್ತೆಂದು ಜೋರಾಗಿ ಜಗಳ ತೆಗೆದರು. ಮಳೆ ನಿಂತಿತು. ಮಗ್ಗು ತೊಳೆಯುವ ನಲ್ಲಿಯ ಮುಂದೆ ಮತ್ತೆ ಸಾಲು ಬೆಳೆಯಿತು, ಅಳಿಯ ನನ್ನ ಕೈಗೂ ಒಂದು ಖಾಲಿ ಮಗ್ಗು ಕೊಟ್ಟು ಸಾಲಿಗೆ ಕಳಿಸಿದ.