ಕೋಟಿನ ಜೊತೆ ಹೆಸರೂ ಬರಲಿ

ಅಣ್ಣಿಗೇರಿ

ಪ್ರೀತಿಯ ತಮ್ಮಾ,

ಅವ್ವ ಆರಾಮಿದ್ದಾಳೆ. ಹೊಲದಲ್ಲಿ ಹಿಂಗಾರಿ ಜೋಳ ತೆನೆಗೆ ಬಂದಿದೆ, ಕಡಲೆ ಹೂವಾಡುತ್ತಿದೆ. ಉಳಿದ ಸಮಾಚಾರ ಫೋನಿನಲ್ಲಿ ಹೇಗೂ ಆಗುತ್ತದೆ. ಈ ಪತ್ರ ಬರೆಯುತ್ತಿರುವುದು ನೀನು ಕಳಿಸಿದ ಆ ಹಳೆಯ ಫೋಟೋಗಳ ಸಲುವಾಗಿ.

ಅವನ್ನು ದೊಡ್ಡದು ಮಾಡಿಸಿ ನೋಡಿದೆ. ಮುರಿದ ಸೇತುವೆಯ ಮುಂದೆ ಸಾಲಾಗಿ ನಿಂತ ಹುಡುಗರು, ಸಮವಸ್ತ್ರದ ಮೇಲೆ ಹಲ್ಲುಚಕ್ರದ ಗುರುತು, ಅದರೊಳಗೊಂದು ಸುತ್ತಿಗೆ. ಒಬ್ಬನ ಕೈಯಲ್ಲಿ ಇನ್ನೂ ಸ್ಪ್ಯಾನರ್ ಇದೆ. ಫೋಟೋ ತೆಗೆಯುವವನು ಕರೆದಾಗ ಕೆಲಸ ಬಿಟ್ಟು ಹಾಗೇ ಬಂದು ನಿಂತಿರಬೇಕು. ನೀನು ಅಲ್ಲಿ ಜರ್ಮನಿಯಲ್ಲಿ ರಜೆಯ ದಿನಗಳಲ್ಲಿ ತಾಂತ್ರಿಕ ನೆರವು ದಳದ ಸ್ವಯಂಸೇವಕನಾಗಿ ಹೊಳೆ ಉಕ್ಕಿದ ಊರುಗಳಲ್ಲಿ ಪಂಪು ನಡೆಸುತ್ತೀ, ಜನರೇಟರ್ ಹೊತ್ತು ಓಡಾಡುತ್ತೀ. ಆ ದಳದ ಪೂರ್ವಿಕರು ಯಾರೆಂದು ಹುಡುಕಲು ಹೋಗಿ ಹಳೆಯ ಸಾಮಾನಿನ ಸಂತೆಯಲ್ಲಿ ಈ ಫೋಟೋ ಹಿಡಿದಿದ್ದೀ. ಈಗ ಅದೇ ಪಡೆಯ ಸಮವಸ್ತ್ರವೊಂದು ಮಾರಾಟಕ್ಕಿದೆ, ಕೊಳ್ಳಲೋ ಬೇಡವೋ ಎಂದು ನನ್ನನ್ನು ಕೇಳಿದ್ದೀ. ಇಲ್ಲಿ ಹಳ್ಳಿ ಹಳ್ಳಿ ತಿರುಗಿ ಹಳೆಯ ಸಿಪಾಯಿಗಳ ಟ್ರಂಕು ತೆಗೆಸುವ ಅಕ್ಕನನ್ನು ಬಿಟ್ಟು ಇನ್ನಾರನ್ನು ಕೇಳಬೇಕು ಹೇಳು! ನೀನು ಕೇಳಿದ್ದು ನನಗೆ ಬಹಳ ಸಂತೋಷವಾಯಿತು.

ಆ ಪಡೆಯ ವಿಷಯ ನಾನೂ ಓದಿಕೊಂಡೆ. ಟೆಕ್ನಿಶೆ ನೋಟ್‌ಹಿಲ್ಫೆ ಹುಟ್ಟಿದ್ದು 1919ರಲ್ಲಿ, ಕಟ್ಟಿದವನು ಒಟ್ಟೋ ಲುಮಿಟ್ಶ್. ಮುಷ್ಕರದಲ್ಲಿ ಕರೆಂಟು, ನೀರು, ಗ್ಯಾಸು, ರೈಲು ನಿಲ್ಲದಂತೆ ನೋಡಿಕೊಳ್ಳುವುದು ಅದರ ಕೆಲಸ. ಹಾಗಾಗಿ ಕಾರ್ಮಿಕರ ಕಣ್ಣಿಗೆ ಅವರು ಮುಷ್ಕರ ಮುರಿಯುವವರು. ನಾಜಿಗಳು ಬಂದ ಮೇಲೆ, ಹೆಂಡತಿಯ ಯಹೂದಿ ಮೂಲದ ಕಾರಣಕ್ಕೆ 1934ರಲ್ಲಿ ಲುಮಿಟ್ಶ್‌ನನ್ನೇ ಹೊರಗೆ ಹಾಕಿದರು. ಪಡೆ ಹಿಮ್ಲರ್‌ನ ಪೊಲೀಸ್ ವ್ಯವಸ್ಥೆಯೊಳಗೆ ಸೇರಿತು. ಯುದ್ಧದಲ್ಲಿ ಬಾಂಬು ಬಿದ್ದ ಮನೆಗಳಡಿಯಿಂದ ಜನರನ್ನು ಹೊರಗೆಳೆದವರೂ ಇವರೇ. ಸೈನ್ಯದ ಬೆನ್ನಿಗೆ ಹೋಗಿ, ಗೆದ್ದ ದೇಶಗಳ ವಿದ್ಯುತ್ ಕೇಂದ್ರ, ನೀರಿನ ಸ್ಥಾವರಗಳನ್ನು ಸೈನ್ಯದ ಉಪಯೋಗಕ್ಕೆ ಸಜ್ಜು ಮಾಡಿಕೊಟ್ಟವರೂ ಇವರೇ. 1945ರಲ್ಲಿ ಎಲ್ಲ ಬರಖಾಸ್ತಾಯಿತು. 1950ರಲ್ಲಿ ಅದೇ ಲುಮಿಟ್ಶ್‌ನನ್ನು ಕರೆದು ಈಗಿನ ನಿನ್ನ ದಳ ಕಟ್ಟಲು ಹೇಳಿದರು. ನಿನ್ನ ನೀಲಿ ಅಂಗಿಯ ಮೇಲೂ ಹಲ್ಲುಚಕ್ರ ಇದೆಯಲ್ಲ, ಅದಕ್ಕೇ ಇದನ್ನೆಲ್ಲ ಬಿಡಿಸಿ ಬರೆದೆ. ಆ ಸಮವಸ್ತ್ರ ಮನೆಗೆ ಬಂದರೆ ಒಳ್ಳೆಯದು ಕೆಟ್ಟದ್ದು ಎರಡೂ ಅದರ ಜೊತೆ ಬರುತ್ತವೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲು ಬರುವುದಿಲ್ಲ.

ಇಂಥ ಕೈಗಳು ನಮ್ಮ ಕಡೆಯಿಂದಲೂ ಹೋಗಿವೆ ತಮ್ಮಾ. ಧಾರವಾಡ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಇಲ್ಲಿಯವರಿಗೆ ಸೈನ್ಯ ಎಂದರೆ ಬೆಳಗಾವಿಯ ಮರಾಠಾ ಪಲ್ಟನ್ನು, ಇಲ್ಲವೇ ಪುಣೆ ಹತ್ತಿರದ ಖಡಕಿಯ ಸ್ಯಾಪರ್ಸ್ ಆ್ಯಂಡ್ ಮೈನರ್ಸ್. ಮಹಾರ್ ರೆಜಿಮೆಂಟಿನ ಮೊದಲ ಪಲ್ಟನ್ನು ಎದ್ದದ್ದೂ ಬೆಳಗಾವಿಯಲ್ಲೇ, 1941ರ ಅಕ್ಟೋಬರಿನಲ್ಲಿ. ಎರಡನೇ ಮಹಾಯುದ್ಧ ಮುಗಿಯುವಾಗ ಹಿಂದುಸ್ತಾನದ ಸೈನ್ಯದಲ್ಲಿ 25 ಲಕ್ಷ ಜನರಿದ್ದರು. ಬಂದೂಕು ಹಿಡಿದವರ ಹಿಂದೆ ಸೇತುವೆ ಕಟ್ಟಿದವರು, ರಸ್ತೆ ಕಡಿದವರು, ನೆಲದಲ್ಲಿ ಹೂತ ಸುರಂಗ ಬಾಂಬು ಕಿತ್ತವರು, ಲಾರಿ ದುರಸ್ತಿ ಮಾಡಿದವರು ಲೆಕ್ಕವಿಲ್ಲದಷ್ಟು. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನ ಸುಬೇದಾರ್ ಸುಬ್ರಮಣಿಯನ್ 1944ರ ಫೆಬ್ರುವರಿಯಲ್ಲಿ ಇಟಲಿಯಲ್ಲಿ, ಸಿಡಿಯಲಿದ್ದ ಸುರಂಗ ಬಾಂಬಿನ ಮೇಲೆ ತಾನೇ ಬಿದ್ದು ಜೊತೆಯವರನ್ನು ಉಳಿಸಿದ. ಅವನಿಗೆ ಜಾರ್ಜ್ ಕ್ರಾಸ್ ಕೊಟ್ಟರು. ನಾನು ಕಲಿಸಿದ ಯಾವ ಶಾಲೆಯ ಪುಸ್ತಕದಲ್ಲೂ ಅವನ ಹೆಸರು ಕಂಡ ನೆನಪಿಲ್ಲ.

ಕುಂದಗೋಳ ತಾಲೂಕಿನ ಒಂದು ಊರಿನಲ್ಲಿ ಉಣ್ಣೆಯ ದೊಡ್ಡ ಕೋಟೊಂದಿದೆ. ಮೊಳಕಾಲಿನ ಕೆಳಗೆ ಬರುವಷ್ಟು ಉದ್ದ. ಆ ಮನೆಯ ಮುತ್ಯಾ ಯುದ್ಧದಿಂದ ಮರಳುವಾಗ ತೊಟ್ಟು ಬಂದದ್ದು. ಆಮೇಲೆ ಅದು ಮನೆಯ ಮೂರು ತಲೆಮಾರಿನವರನ್ನು ಜೋಳದ ಹೊಲದ ಮಂಚಿಕೆಯ ಮೇಲೆ ಕಾದಿದೆ. ಎರೆಹೊಲದ ಬನದ ಹುಣ್ಣಿವೆಯ ಥಂಡಿ ನಿನಗೆ ಗೊತ್ತು. ಎಡಗಡೆಯ ಜೇಬಿನ ಬಾಯಿ ಕವಣಿಯ ಕಲ್ಲು ತುಂಬಿ ತುಂಬಿ ಹರಿದಿದೆ, ಅದಕ್ಕೆ ಇಲಕಲ್ಲ ಸೀರೆಯ ಅಂಚಿನ ತೇಪೆ. ಹಿತ್ತಾಳೆ ಗುಂಡಿಗಳಲ್ಲಿ ಎರಡೇ ಉಳಿದಿವೆ, ಮಿಕ್ಕ ಜಾಗದಲ್ಲಿ ಅಂಗಿಯ ಬಿಳಿ ಗುಂಡಿ. ಒಳಗಿನ ಅಸ್ತರಿನ ಮೇಲೆ ಸರ್ಕಾರದ ಬಾಣದ ಗುರುತು, ಅದರ ಕೆಳಗೆ ಮಸಿಯಲ್ಲಿ ಬರೆದ ಅವನ ನಂಬರು. ಪೇಟೆಯ ಸಂಗ್ರಹಕಾರನೊಬ್ಬ ಗುಂಡಿ ಬೇರೆ ಆಗಿದೆ, ತೇಪೆ ಬಿದ್ದಿದೆ ಎಂದು ಬೇಡ ಅಂದನಂತೆ. ನನಗಂತೂ ಆ ತೇಪೆಯೇ ಹೆಚ್ಚಿನದು. ಅದನ್ನು ಹಾಕಿದ ಅಜ್ಜಿ ಇನ್ನೂ ಇದ್ದಾಳೆ. "ಅಂವಾ ಬಂದಾಗ ಇದರಾಗ ಎಣ್ಣಿ ವಾಸನಿ ಬರತಿತ್ತವಾ, ಗಾಡಿ ಎಣ್ಣಿ" ಅಂದಳು. ಆ ಒಂದು ಮಾತಿನಿಂದ ಅವನು ಯಂತ್ರದ ಕೆಲಸದವನೆಂದು ಜಾಡು ಸಿಕ್ಕಿತು. ನಂಬರು ನೋಡಿದರೆ ಖಡಕಿಯದೇ.

ಇನ್ನೊಂದು ಮನೆಯಲ್ಲಿ ಅದಕ್ಕಿಂತ ಹಿಂದಿನ ಯುದ್ಧದ ಪದಕ ಕಂಡೆ. ಇದನ್ನು ನೀನು ಮರೆಯಬಾರದು. 1914ರ ಯುದ್ಧದ ಬ್ರಿಟಿಷ್ ಪದಕವನ್ನು ಸಿಪಾಯಿಗಳಿಗೆ ಬೆಳ್ಳಿಯಲ್ಲಿ ಕೊಟ್ಟರು. ಹಮಾಲರ ಪಡೆ, ಕೂಲಿ ಪಡೆಯವರಿಗೆ ಅದೇ ಪದಕ, ಅದೇ ರಾಜನ ಮುಖ, ಆದರೆ ಕಂಚಿನಲ್ಲಿ. ಆ ಯುದ್ಧಕ್ಕೆ ಹಿಂದುಸ್ತಾನದಿಂದ ಸೇರಿಸಿಕೊಂಡ ಹಮಾಲರು, ಹೇಸರಗತ್ತೆ ಹೊಡೆಯುವವರು, ಅಡಿಗೆಯವರು, ಕಸಬರಿಗೆಯವರು 5.5 ಲಕ್ಷಕ್ಕೂ ಹೆಚ್ಚು. ಇಲ್ಲಿಯ ಹಳಿಗಳನ್ನು ಹಡಗಿಗೆ ಹೇರಿ ಒಯ್ದು ಇರಾಕಿನ ಬಸ್ರಾದಲ್ಲಿ ರೈಲು ಹಾಸಿದರು. ಬೆಳ್ಳಿಯ ಪದಕಗಳು ಬರಗಾಲದಲ್ಲಿ ಪತ್ತಾರನ ಕುಲುಮೆ ಸೇರಿ ಯಾರದೋ ಉಡದಾರವಾದವು. ಕಂಚಿಗೆ ಯಾರು ಏನು ಕೊಟ್ಟಾರು? ಹಾಗಾಗಿ ಅದು ಜಗುಲಿಯ ಮೇಲೆ ಉಳಿಯಿತು. ಅಂಚನ್ನು ಬತ್ತಿಯ ಬೆಳಕಿಗೆ ಹಿಡಿದು ಓದಿದೆ. ನಂಬರು, ಆಮೇಲೆ ಹುದ್ದೆಯ ಜಾಗದಲ್ಲಿ 'ಕೂಲಿ', ಆಮೇಲೆ ಹೆಸರು. ಬಸ್ರಾದ ಸ್ಮಾರಕದ ಗೋಡೆಯಲ್ಲಿ ಬ್ರಿಟಿಷರ ಹೆಸರುಗಳನ್ನು, ನಮ್ಮವರಲ್ಲಿ ಅಧಿಕಾರಿಗಳ ಹೆಸರುಗಳನ್ನು ಕೆತ್ತಿ, ಸಾಮಾನ್ಯ ಸಿಪಾಯಿಗಳನ್ನು ಪಲ್ಟನ್ನಿಗೆ ಇಷ್ಟು ಎಂದು ಬರೀ ಸಂಖ್ಯೆಯಲ್ಲಿ ಬರೆದರು. ಹಾಗಿರುವಾಗ ಈ ಕಂಚಿನ ಅಂಚಿನಲ್ಲಿ ಒಬ್ಬ ಕೂಲಿಯವನ ಹೆಸರು ನೂರು ವರ್ಷ ಉಳಿದಿದೆ ಎಂದರೆ ನನಗೆ ಕಣ್ಣೀರು ಬಂತು. ಮನೆಯವರಿಗೆ ಓದಿ ಹೇಳಿದೆ. ಅವರಿಗೆ ಅವನ ಹೆಸರು ಗೊತ್ತಿರಲಿಲ್ಲ, "ಬಸ್ರಾ ಮುತ್ಯಾ" ಎಂದಷ್ಟೇ ಗೊತ್ತಿತ್ತು. ಈಗ ಹುಟ್ಟಿದ ಕೂಸಿಗೆ ಆ ಹೆಸರಿಡುತ್ತಾರಂತೆ.

2010ರಲ್ಲಿ ನಮ್ಮೂರಿನ ಗಟಾರ ಅಗೆಯುವಾಗ ಸಾಲು ಸಾಲು ತಲೆಬುರುಡೆಗಳು ಸಿಕ್ಕಿದ್ದು ನೆನಪಿದೆಯಲ್ಲ? ನೂರಾರು ತಲೆಗಳು, ಒಬ್ಬರಿಗೂ ಹೆಸರಿಲ್ಲ. ಊರಿಗೆ ಊರೇ ನೋಡಲು ನೆರೆದಿತ್ತು. ನಾನು ಈ ಟ್ರಂಕುಗಳ ಹಿಂದೆ ಬಿದ್ದದ್ದು ಅದರ ನಂತರವೇ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಮಾರುವವನಿಗೆ ಆ ಸಮವಸ್ತ್ರ ಯಾರದು, ಯಾವ ಊರಿನ ಮನೆಯಿಂದ ಬಂತು ಎಂದು ಕೇಳು. ಹೇಳಿದರೆ ಆ ಮನೆಗೆ ಹೋಗು, ಮಾತಾಡು, ಆಮೇಲೆ ಕೊಳ್ಳುವ ವಿಚಾರ. ಹೇಳದಿದ್ದರೆ ಬಿಟ್ಟುಬಿಡು. ಈ ಪಡೆಯ ಲಾಂಛನ, ಕತ್ತಿಗಳಿಗೆ ಬೆಲೆ ಜಾಸ್ತಿ, ಹೊಸದಾಗಿ ಮಾಡಿ ಹಳೆಯದೆಂದು ಮಾರುವವರು ಬಹಳ. ನಿನ್ನ ದೇಶದ ಕಾಯ್ದೆಯೂ ಗಟ್ಟಿಯಾಗಿದೆ, ಆ ಕಾಲದ ಸ್ವಸ್ತಿಕದ ಗುರುತುಗಳನ್ನು ಸಾರ್ವಜನಿಕವಾಗಿ ತೋರಿಸುವುದು ಅಪರಾಧ, ಅಭ್ಯಾಸ, ಶಿಕ್ಷಣದಂಥ ಕೆಲವು ಉದ್ದೇಶಗಳಿಗೆ ಮಾತ್ರ ವಿನಾಯಿತಿ. ನಿನ್ನ ದಳದ ಹುಡುಗರ ಮುಂದೆ ಗೋಡೆಗೆ ತೂಗುಹಾಕುವ ಆಸೆ ಇದ್ದರೆ ಈಗಲೇ ಕೈಬಿಡು.

ಫೋಟೋಗಳನ್ನಂತೂ ಕೂಡಿಸು. ಆದರೆ ಆಲ್ಬಮ್ಮಿನಿಂದ ಬಿಡಿಬಿಡಿಯಾಗಿ ಕಿತ್ತು ಮಾರಿದ್ದನ್ನು ತೊಗೊಳ್ಳಬೇಡ. ಹಿಂದಿನ ಮುಂದಿನ ಪುಟವಿಲ್ಲದ ಫೋಟೋಗೆ ಊರೂ ಇಲ್ಲ, ದಿನವೂ ಇಲ್ಲ. ಮುಖಕ್ಕಿಂತ ಮೊದಲು ಬೆನ್ನು ನೋಡು, ಸ್ಟುಡಿಯೋದ ಮುದ್ರೆ, ಪೆನ್ಸಿಲ್ಲಿನ ಗೀಚು ಅಲ್ಲೇ ಇರುತ್ತವೆ. ಅಂಚಿನಲ್ಲಿ ಕನ್ನಡಿಯಂಥ ಬೆಳ್ಳಿ ಹೊಳಪು ಎದ್ದಿದ್ದರೆ ಒರೆಸಬೇಡ, ಅದು ಹಳೆಯ ಕಾಗದದ ವಯಸ್ಸು. ನಾನಂತೂ ಯಾರ ಮನೆಯ ವಸ್ತುವನ್ನೂ ತರುವುದಿಲ್ಲ. ಅಲ್ಲೇ ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಮಾಡಿ ಫೋಟೋ ಹೊಡೆದುಕೊಂಡು, ಹೇಳಿದವರ ಮಾತನ್ನು ಹೇಳಿದ ಹಾಗೇ ಬರೆದುಕೊಂಡು, ಕೋಟನ್ನು ಹಳೆಯ ಧೋತರದಲ್ಲಿ ಸುತ್ತಿ ಬೇವಿನ ಎಲೆ ಹಾಕಿ ಅವರ ಟ್ರಂಕಿಗೇ ಇಟ್ಟು ಬರುತ್ತೇನೆ. ಗಂಡಸರು ಯುದ್ಧದ ಹೆಸರು ಹೇಳುತ್ತಾರೆ, ಹೆಂಗಸರು ಮನುಷ್ಯನನ್ನು ಹೇಳುತ್ತಾರೆ. ಹಾಗಾಗಿ ನೀನು ಅಲ್ಲಿಯೂ ಅಜ್ಜಿಯರನ್ನೇ ಮೊದಲು ಕೇಳು.

ಇನ್ನು ನನ್ನದೊಂದು ಕೆಲಸ. ನವಲಗುಂದ ತಾಲೂಕಿನ ಮನೆಯೊಂದರಲ್ಲಿ ಜರ್ಮನಿಯಿಂದ ಬಂದ ಯುದ್ಧಕೈದಿಯ ಅಂಚೆ ಕಾರ್ಡಿದೆ. ಮೇಲೆ ಜರ್ಮನ್ ಅಚ್ಚು, ಕೆಳಗೆ ದುಂಡನೆಯ ಕನ್ನಡ ಅಕ್ಷರ. ಮಳೆಯಾಯಿತೇ ಎಂದು ಕೇಳಿದ್ದಾನೆ, ಎತ್ತು ಮಾರಬೇಡಿರೆಂದು ಬರೆದಿದ್ದಾನೆ. ಅವನು ಮರಾಠಾ ಪಲ್ಟನ್ನಿನವನು, 1942ರ ಜೂನ್‌ನಲ್ಲಿ ತೋಬ್ರುಕ್ ಬಿದ್ದಾಗ ಸೆರೆಸಿಕ್ಕವನು. ಆಫ್ರಿಕಾದಲ್ಲಿ ಸಿಕ್ಕ ನಮ್ಮ ಕೈದಿಗಳಲ್ಲಿ ಬಹಳ ಜನರನ್ನು ಅನ್ನಾಬುರ್ಗ್ ಶಿಬಿರದಲ್ಲಿ ಇಟ್ಟಿದ್ದರು, ಅಲ್ಲಿಂದಲೇ ಸುಭಾಷ್‌ಚಂದ್ರ ಬೋಸರು ತಮ್ಮ ಇಂಡಿಯನ್ ಲೀಜನ್ ಪಡೆಗೆ ಜನ ಕೂಡಿಸಿದ್ದರು. ಕಾರ್ಡು ಬರೆದವನು ಊರಿಗೆ ಮರಳಲಿಲ್ಲ. ಮನೆಯವರಿಗೆ ಅವನು ಎಲ್ಲಿ ತೀರಿಕೊಂಡ ಎಂಬುದು ಬೇಕು, ಮಣ್ಣು ಕೊಟ್ಟ ಜಾಗದ ಹೆಸರು ಬೇಕು. ಜಿನೀವಾದ ರೆಡ್‌ಕ್ರಾಸ್ ದಾಖಲಾಲಯ ಮನೆಯವರ ಅರ್ಜಿಗೆ ಕೈದಿಗಳ ವಿವರ ಹುಡುಕಿ ಕೊಡುತ್ತದೆ, ಅರ್ಜಿ ತೊಗೊಳ್ಳುವ ದಿನ ಮಾತ್ರ ವರ್ಷದಲ್ಲಿ ಕೆಲವೇ. ನೀನು ಆ ದಿನ ಕಾದು ಮನೆಯವರ ಪರವಾಗಿ ಅರ್ಜಿ ಹಾಕು. ಕಾರ್ಡಿನ ಎರಡೂ ಬದಿಯ ಫೋಟೋ ಇದರೊಂದಿಗಿದೆ. ಮೂಲೆಯ ಮುದ್ರೆಯಲ್ಲಿ ಶಿಬಿರದ ಅಂಕಿ ಇರಬೇಕು, ನನ್ನ ಕಣ್ಣಿಗೆ ಹತ್ತಲಿಲ್ಲ, ನೀನು ಓದಿ ತಿಳಿಸು. ಯುಗಾದಿಗೆ ಬರುವಾಗ ಉತ್ತರ ಕೈಯಲ್ಲಿದ್ದರೆ ಆ ಮನೆಗೆ ಇಬ್ಬರೂ ಕೂಡಿ ಹೋಗೋಣ.

ನಿನ್ನ ಅಕ್ಕ